ಗಾಜಿನ ತೊಟ್ಟಿಯಲ್ಲಿ ನೀರೆಷ್ಟು?



ಮುಂಗಾರು ಹಿಡಿಯಿತೆಂದರೆ ಬಾನುಲಿ ವಾರ್ತೆಯಲ್ಲಿ ಜಲಾಶಯಗಳ ಮಟ್ಟ ಹೇಳದ ದಿನವಿಲ್ಲ. ಕೃಷ್ಣರಾಜಸಾಗರದಲ್ಲಿ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಹೊಲಕ್ಕೂ ಅದೇ ನೀರು, ನಲ್ಲಿಗೂ ಅದೇ ನೀರು. ಹಾಗಾಗಿ ಮನೆಮಂದಿಯೆಲ್ಲ ಕಿವಿಗೊಡುತ್ತೇವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿಯಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. ಪೆನ್ನು ಹತ್ತಿರವಿದ್ದರೆ ಈ ಅಂಕಿಯನ್ನು ಗುರುತು ಹಾಕಿಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾನು ಇವತ್ತು ಮಾತಾಡಲು ಬಂದಿರುವುದು ಕೃಷ್ಣರಾಜಸಾಗರದ ಬಗ್ಗೆ ಅಲ್ಲ. ಹಜಾರದ ಮೂಲೆಯಲ್ಲಿ, ಟಿವಿ ಪಕ್ಕದಲ್ಲಿ, ನಾಲ್ಕಾರು ಮೀನು ಬಿಟ್ಟುಕೊಂಡಿರುವ ಗಾಜಿನ ತೊಟ್ಟಿಯ ಬಗ್ಗೆ. ಅದೂ ಒಂದು ಜಲಾಶಯವೇ. ವಾರ್ತೆಯಲ್ಲಿ ಕೇಳುವ ಒಂದೇ ಒಂದು ಕ್ಯೂಸೆಕ್ ನೀರನ್ನು ಅದಕ್ಕೆ ಬಿಟ್ಟರೆ ಎರಡು ಸೆಕೆಂಡಿನಲ್ಲಿ ತುಂಬಿ ತುಳುಕೀತು, ಅಷ್ಟು ಸಣ್ಣದು. ಆದರೆ ಅದರೊಳಗಿರುವ ಜೀವಕ್ಕೆ ಅದೇ ಹೊಳೆ, ಅದೇ ಕೆರೆ. ಅದರಲ್ಲಿ ನಿಜವಾಗಿ ಎಷ್ಟು ಲೀಟರ್ ನೀರಿದೆ ಎಂದು ಕೇಳಿದರೆ, ಮೀನು ಸಾಕಿರುವ ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಅಂಗಡಿಯವನು ಹೇಳಿದ್ದನ್ನೇ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಅದರಿಂದ ಎರಡು ಮೀನು ಸತ್ತವು.

ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಎರಡಡಿಯ ತೊಟ್ಟಿ. ಅಂಗಡಿಯಲ್ಲಿ ಎರಡು-ಒಂದು-ಒಂದು ಅನ್ನುತ್ತಾರಲ್ಲ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಅದು. ಮೊಮ್ಮಗಳ ಹುಟ್ಟುಹಬ್ಬಕ್ಕೆ ತಂದದ್ದು. 'ಅರವತ್ತು ಲೀಟರ್ ಹಿಡಿಯುತ್ತೆ ಸಾರ್' ಎಂದು ಮಾರಿದವರು ಹೇಳಿದ್ದರು. ಒಂದು ಚಳಿಗಾಲ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಮೀನು ಸಾಕುವವರೆಲ್ಲ ವೈಟ್ ಸ್ಪಾಟ್ ಅನ್ನುವ ಆ ರೋಗ ಒಂದು ಪರಾವಲಂಬಿ ಜೀವಿಯದು. ನೀಲಿ ಹಸಿರು ಬಣ್ಣದ ಔಷಧಿ ತಂದೆವು. ಹತ್ತು ಲೀಟರ್ ನೀರಿಗೆ ಒಂದು ಎಂ.ಎಲ್. ಎಂದು ಸೀಸೆಯ ಮೇಲೆ ಬರೆದಿತ್ತು. ಅರವತ್ತು ಲೀಟರಿಗೆ ಆರು ಎಂ.ಎಲ್. ಪಿಚಕಾರಿಯಲ್ಲಿ ಎಳೆದು, ಒಂದು ಹನಿ ಹೆಚ್ಚಾಗದ ಹಾಗೆ, ಶ್ರದ್ಧೆಯಿಂದ ಹಾಕಿದೆ.

ಮಾರನೆಯ ಬೆಳಿಗ್ಗೆ ಪಟ್ಟೆ ಪಟ್ಟೆಯ ಎರಡು ಲೋಚ್ ಮೀನು ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು. ಉಳಿದ ಮೀನುಗಳು ಮೇಲೆ ಬಂದು ಕಿವಿರು ಬಡಿಯುತ್ತಿದ್ದವು. ಲೋಚಿನ ಹುರುಪೆ ತೀರ ಸಣ್ಣ. ಇಂಥ ಔಷಧಿ ಅದಕ್ಕೆ ಬೇರೆ ಮೀನಿಗಿಂತ ಬೇಗ ತಾಗುತ್ತದೆ. ಮೊಮ್ಮಗಳು ಅಳಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: 'ತಾತ, ಅರವತ್ತು ಲೀಟರ್ ಇದೆ ಅಂತ ಯಾರು ಅಳೆದ್ರು?'

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಘನಫಲದ ಪಾಠ ಮಾಡಿದವನು ನಾನು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಭಾನುವಾರ ನಾವಿಬ್ಬರೂ ಟೇಪು ಹಿಡಿದು ಕೂತೆವು.

ಮೊದಲು ಹೊರಗಿನ ಅಳತೆ. ಎರಡು ಘನ ಅಡಿ, ಅಂದರೆ 56.6 ಲೀಟರ್. ಇಂಚಿನಲ್ಲಿ ಲೆಕ್ಕ ಹಾಕುವವರು ಉದ್ದ ಅಗಲ ಎತ್ತರಗಳನ್ನು ಗುಣಿಸಿ 61ರಿಂದ ಭಾಗಿಸಿದರೆ ಸಾಕು, ಲೀಟರ್ ಬರುತ್ತದೆ. 24, 12, 12 ಗುಣಿಸಿದರೆ 3456. ಅದನ್ನು 61ರಿಂದ ಭಾಗಿಸಿದರೆ ಅದೇ 56.6. ಸೆಂಟಿಮೀಟರಿನಲ್ಲಾದರೆ ಗುಣಲಬ್ಧವನ್ನು ಸಾವಿರದಿಂದ ಭಾಗಿಸಬೇಕು. ಅಂಗಡಿಯವರ ಅರವತ್ತು ಹುಟ್ಟಿದ್ದು ಇಲ್ಲಿಂದಲೇ. 56.6 ಹೇಳುವುದಕ್ಕೆ ತೊಡಕು ಎಂದು ಬಾಯಲ್ಲಿ ಅರವತ್ತಾಗಿದೆ, ಅಷ್ಟೆ. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅವರು ಮಾರಿದ್ದು ಗಾಜಿನ ಡಬ್ಬಿ, ಡಬ್ಬಿಯ ಅಳತೆ ಹೇಳಿದರು. ನನಗೆ ಬೇಕಿದ್ದದ್ದು ನೀರಿನ ಅಳತೆ.

ಗಾಜಿಗೆ ದಪ್ಪವಿದೆ. ನಮ್ಮ ತೊಟ್ಟಿಯದು 5 ಮಿಲಿಮೀಟರ್ ಗಾಜು. ಎರಡು ಕಡೆಯೂ ಕಳೆದರೆ ಒಳಗಿನ ಉದ್ದ 60 ಸೆಂಟಿಮೀಟರ್, ಅಗಲ 29.5; ಎತ್ತರದಲ್ಲಿ ತಳದ ಗಾಜು ಒಂದನ್ನೇ ಕಳೆಯುವುದರಿಂದ 30. ಗುಣಿಸಿದರೆ 53 ಲೀಟರ್. ಕಣ್ಣಿಗೆ ಏನೂ ಅಲ್ಲವೆಂದು ಕಾಣುವ ಗಾಜು ಮೂರೂವರೆ ಲೀಟರ್ ಜಾಗವನ್ನು ತಾನೇ ಇಟ್ಟುಕೊಂಡಿದೆ! ಮೊಮ್ಮಗಳು ಇದನ್ನು ನಂಬಲಿಲ್ಲ. ಇನ್ನೊಂದು ಸಲ ಅವಳೇ ಗುಣಿಸಿದಳು.

ಕಂಠಮಟ್ಟ ನೀರು ಯಾರೂ ತುಂಬುವುದಿಲ್ಲ. ಮೀನು ನೆಗೆದು ಹೊರಗೆ ಬೀಳಬಾರದು, ಮುಚ್ಚಳದ ದೀಪಕ್ಕೆ ನೀರು ಸಿಡಿಯಬಾರದು. ಹಾಗಾಗಿ ಮೇಲೆ ನಾಲ್ಕೂವರೆ ಸೆಂಟಿಮೀಟರ್ ಬಿಟ್ಟಿದ್ದೆವು. ನೀರಿನ ಎತ್ತರ 25.5 ಸೆಂಟಿಮೀಟರ್. 60 ಗುಣಿಸು 29.5 ಗುಣಿಸು 25.5, ಅಂದರೆ 45,135 ಘನ ಸೆಂಟಿಮೀಟರ್. ಸುಮಾರು 45 ಲೀಟರ್. ಹೊರಗಿನ ಅಳತೆಯಿಂದ ಆಗಲೇ ಹನ್ನೊಂದೂವರೆ ಲೀಟರ್ ಹೋಯಿತು. ಒಳಗೆ ಹಾಕಿದ ಕಲ್ಲನ್ನು ನಾವಿನ್ನೂ ಮುಟ್ಟಿಯೂ ಇರಲಿಲ್ಲ.

ಕಲ್ಲಿನ ವಿಷಯಕ್ಕೆ ಬರುವ ಮೊದಲು ನಿಮ್ಮನ್ನು ಹೊಸಪೇಟೆಗೆ ಕರೆದುಕೊಂಡು ಹೋಗಬೇಕು. ತುಂಗಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಅಣೆಕಟ್ಟು ಕಟ್ಟಿ ಮುಗಿಸಿದ ಕಾಲಕ್ಕೆ ಆ ಮಟ್ಟದವರೆಗೆ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಈಗಲೂ ಮಟ್ಟ 1633 ಅಡಿಯೇ. ಆದರೆ ನಿಲ್ಲುವ ನೀರು 105.78 ಟಿಎಂಸಿ. ಗೋಡೆ ಕುಗ್ಗಿಲ್ಲ. ಎಪ್ಪತ್ತು ವರ್ಷಗಳಲ್ಲಿ ಹೊಳೆ ಹೊತ್ತು ತಂದ ಹೂಳು ತಳದಲ್ಲಿ ಕೂತು ನೀರಿನ ಜಾಗ ಹಿಡಿದಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಜಲಾಶಯ ತುಂಬಿದೆ ಎಂಬ ಮಾತಿಗೂ ಜಲಾಶಯದಲ್ಲಿ ಎಷ್ಟು ನೀರಿದೆ ಎಂಬ ಮಾತಿಗೂ ಇರುವ ಅಂತರ ಅವರಿಗೆ ಬೆಳೆಯ ಲೆಕ್ಕದಲ್ಲಿ ಗೊತ್ತು.

ನಮ್ಮ ಗಾಜಿನ ತೊಟ್ಟಿಯ ಹೂಳು ಎಂದರೆ ನಾವೇ ಆಸೆಪಟ್ಟು ಸುರಿದ ಹರಳುಕಲ್ಲು. ಐದು ಸೆಂಟಿಮೀಟರ್ ದಪ್ಪಕ್ಕೆ ಹರಡಿದ್ದೆವು. ಆ ಪದರದ ಘನಫಲ 8.85 ಲೀಟರ್. ಹಾಗಂತ ಅಷ್ಟನ್ನೂ 45ರಿಂದ ಕಳೆದುಬಿಟ್ಟರೆ ಇನ್ನೊಂದು ಕಡೆಗೆ ತಪ್ಪಾಗುತ್ತದೆ. ಹರಳಿನ ನಡುವೆ ಸಂದು ಇದೆ, ಸಂದಿನಲ್ಲಿ ನೀರಿದೆ. ಸುಮಾರಾಗಿ ನೂರಕ್ಕೆ ನಲವತ್ತು ಭಾಗ ಸಂದು, ಅರವತ್ತು ಭಾಗ ಕಲ್ಲು. ಹಾಗೆ ನೋಡಿದರೆ ಕಲ್ಲು ನಿಜವಾಗಿ ಆಕ್ರಮಿಸಿದ್ದು 5.3 ಲೀಟರ್.

ಇದಕ್ಕೆ ಇನ್ನೂ ಸಲೀಸಾದ ದಾರಿ ಇದೆ. ಸಾಮಾನ್ಯ ಬೆಣಚುಕಲ್ಲು, ಗ್ರಾನೈಟು, ಒಂದು ಲೀಟರ್ ಗಾತ್ರದ್ದು ಸುಮಾರು 2.6 ಕಿಲೋ ತೂಗುತ್ತದೆ. ಕಲ್ಲನ್ನು ಕೊಳ್ಳುವಾಗ ಕಿಲೋ ಲೆಕ್ಕದಲ್ಲೇ ಕೊಂಡಿರುತ್ತೀರಿ. ಆ ಕಿಲೋವನ್ನು 2.6ರಿಂದ ಭಾಗಿಸಿ, ಎಷ್ಟು ಲೀಟರ್ ನೀರಿನ ಜಾಗ ಹೋಯಿತೆಂದು ತಿಳಿಯುತ್ತದೆ. ನಾವು ತಂದದ್ದು 14 ಕಿಲೋ ಹರಳು. ಭಾಗಿಸಿದರೆ 5.4. ಸಂದಿನ ಲೆಕ್ಕದಲ್ಲಿ ಬಂದದ್ದು 5.3. ಎರಡು ದಾರಿಯಲ್ಲಿ ನಡೆದು ಒಂದೇ ಊರು ಸೇರಿದಾಗ ಲೆಕ್ಕದ ಮೇಷ್ಟ್ರಿಗೆ ಆಗುವ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಇನ್ನು ಮೂರು ದೊಡ್ಡ ಕಲ್ಲು, ಅಲಂಕಾರಕ್ಕೆ ಇಟ್ಟದ್ದು. ಅಂಕುಡೊಂಕು ಕಲ್ಲಿಗೆ ಸೂತ್ರವಿಲ್ಲ. ಬಚ್ಚಲಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬು ಇಟ್ಟು, ಅದರೊಳಗೆ ಬಕೆಟ್ ಇಟ್ಟು, ಬಕೆಟ್ಟಿಗೆ ಅಂಚಿನವರೆಗೆ ನೀರು ತುಂಬಿದೆವು. ಕಲ್ಲನ್ನು ದಾರದಲ್ಲಿ ಕಟ್ಟಿ ಮೆಲ್ಲಗೆ ಇಳಿಬಿಟ್ಟರೆ ಕಲ್ಲಿನ ಗಾತ್ರದಷ್ಟೇ ನೀರು ಹೊರಚೆಲ್ಲಿ ಟಬ್ಬಿಗೆ ಬೀಳುತ್ತದೆ. ಆರ್ಕಿಮಿಡೀಸನ ಕಥೆ ಎಲ್ಲರಿಗೂ ಗೊತ್ತು. ಮಾಡಿ ನೋಡಿದವರು ಕಡಿಮೆ. ಟಬ್ಬಿಗೆ ಬಿದ್ದ ನೀರನ್ನು ಅಳೆದರೆ ಒಂದೂವರೆ ಲೀಟರ್. ಎಲ್ಲ ಕಳೆದು ಉಳಿದದ್ದು 38 ಲೀಟರ್.

ಅರವತ್ತು ಎಂದು ನಂಬಿದ್ದ ತೊಟ್ಟಿಯಲ್ಲಿ ಮೂವತ್ತೆಂಟು. ಹಾಕಬೇಕಿದ್ದ ಔಷಧಿ 3.8 ಎಂ.ಎಲ್.; ನಾನು ಹಾಕಿದ್ದು ಆರು. ಒಂದೂವರೆ ಪಟ್ಟಿಗೂ ಹೆಚ್ಚು. ಜ್ವರದ ಮಗುವಿಗೆ ಹೀಗೆ ಔಷಧಿ ಕೊಟ್ಟರೆ ಯಾವ ಡಾಕ್ಟರು ಒಪ್ಪುತ್ತಾರೆ?

ಸೂತ್ರದ ಲೆಕ್ಕ ಸರಿಯೇ ಎಂದು ನೀರು ಹೊಯ್ದೇ ನೋಡಬೇಕು ಎಂದು ಮೊಮ್ಮಗಳ ಹಟ. ನನಗೂ ಅದೇ ಬೇಕಿತ್ತು. ಕೇಳುಗರೇ, ನೀವು ಹೊಸದಾಗಿ ತೊಟ್ಟಿ ತರುವವರಾದರೆ ಇದೊಂದನ್ನು ದಯವಿಟ್ಟು ಮಾಡಿ. ಒಮ್ಮೆ ಮೀನು ಬಿಟ್ಟಾದ ಮೇಲೆ ಇದಕ್ಕೆ ಅವಕಾಶ ಸಿಗುವುದು ಕಷ್ಟ. ನಾವು ರೋಗ ಹೋದ ಮೇಲೆ, ಉಳಿದ ಮೀನುಗಳನ್ನು ಹಳೆಯ ನೀರಿನ ಸಮೇತ ಟಬ್ಬಿಗೆ ಸೇರಿಸಿ, ತೊಟ್ಟಿ ಬರಿದು ಮಾಡಿಕೊಂಡೆವು.

ಬಕೆಟ್ಟಿನ ಮೇಲೆ ಬರೆದ ಅಳತೆಯನ್ನು ನಂಬಬೇಡಿ. ಅದು ಅಂಚಿನವರೆಗೆ ತುಂಬಿದರೆ ಮಾತ್ರ ಬರುವ ಅಳತೆ. ಅಂಚಿನವರೆಗೆ ತುಂಬಿದ ಬಕೆಟ್ಟನ್ನು ಯಾರೂ ಎತ್ತಿಕೊಂಡು ಬರುವುದಿಲ್ಲ. ಅಡಿಗೆಮನೆಯ ತಕ್ಕಡಿ ಇದಕ್ಕೆ ಒಳ್ಳೆಯ ಸಾಧನ. ಒಂದು ಲೀಟರ್ ನೀರು ಒಂದು ಕಿಲೋ. ಚೊಂಬನ್ನು ಬರಿದಾಗಿಟ್ಟು ತೂಗಿ, ನೀರು ತುಂಬಿ ತೂಗಿ, ವ್ಯತ್ಯಾಸ ಸರಿಯಾಗಿ ಒಂದು ಕಿಲೋ ಆಗುವಲ್ಲಿ ಚೊಂಬಿನ ಕಂಠದ ಮೇಲೆ ಗೆರೆ ಹಾಕಿದೆವು. ಆ ಚೊಂಬಿನಿಂದ ಐದು ಸಲ ಬಕೆಟ್ಟಿಗೆ ಹೊಯ್ದು, ಬಕೆಟ್ಟಿನ ಒಳಗೆ ಗೆರೆ. ಈಗ ನಮ್ಮ ಹತ್ತಿರ ಐದು ಲೀಟರಿನ ನಂಬಿಗಸ್ತ ಅಳತೆ ಸಿಕ್ಕಿತು.

ತೊಟ್ಟಿಯ ಪಕ್ಕದ ಗಾಜಿಗೆ, ಹೊರಗಡೆಯಿಂದ, ಉದ್ದಕ್ಕೆ ಒಂದು ಕಾಗದದ ಅಂಟುಪಟ್ಟಿ ಹಚ್ಚಿದೆವು. ಕಲ್ಲೆಲ್ಲ ಅದರ ಅದರ ಜಾಗದಲ್ಲಿತ್ತು. ಮೊದಲ ಐದು ಲೀಟರ್ ಹೊಯ್ದಾಗ ನೀರು ಹರಳಿನ ಸಂದುಗಳನ್ನೆಲ್ಲ ತುಂಬಿಕೊಂಡು ಸುಮಾರು ಆರು ಸೆಂಟಿಮೀಟರ್ ಮೇಲೆ ಬಂತು. ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದು 5 ಎಂದು ಬರೆದಳು. ಎರಡನೆಯ ಐದು ಲೀಟರಿಗೆ ನೀರು ಏರಿದ್ದು ಸರಿಯಾಗಿ ಮೂರು ಸೆಂಟಿಮೀಟರ್. ಅವಳಿಗೆ ಗಾಬರಿ. 'ತಾತ, ಕಡಿಮೆ ಹೊಯ್ದ್ರಾ?' ಇಲ್ಲ ಪುಟ್ಟಿ, ಅಷ್ಟೇ ಹೊಯ್ದದ್ದು. ಕೆಳಗೆ ಕಲ್ಲು ಜಾಗ ತಿಂದಿತ್ತು, ಅದಕ್ಕೇ ನೀರು ಬೇಗ ಏರಿತು. ಇಲ್ಲಿ ಜಾಗ ಬಿಡುವಾಗಿದೆ, ನೀರು ಅಗಲವಾಗಿ ಹರಡಿಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಮೊದಲ ಗೆರೆ ಎಲ್ಲೋ ಎತ್ತರದಲ್ಲಿ, ಆಮೇಲಿನವು ಒತ್ತೊತ್ತಾಗಿ ಮೆಟ್ಟಿಲಿನಂತೆ. ತುಂಗಭದ್ರೆಯ ಹೂಳಿನ ಸಂಗತಿ ಅವಳಿಗೆ ಪಾಠದಲ್ಲಿ ಬಂದಿದೆಯೋ ಇಲ್ಲವೋ, ಅರ್ಥವಾದದ್ದಂತೂ ಆ ಎರಡು ಗೆರೆಯ ನಡುವೆ. ಏಳು ಗೆರೆ ಮುಗಿದು, ಆಮೇಲೆ ಮೂರು ಚೊಂಬು ಹೊಯ್ದಾಗ ನೀರು ಅದರ ಮಾಮೂಲು ಮಟ್ಟಕ್ಕೆ ಬಂತು. ಮೂವತ್ತೈದು, ಮೂರು. ಮೂವತ್ತೆಂಟು.

ಇಂಥ ಲೆಕ್ಕ ಕನ್ನಡ ನಾಡಿಗೆ ಹೊಸದಲ್ಲ ಎಂದು ಈ ಸಂದರ್ಭದಲ್ಲಿ ನೆನೆಯಬೇಕು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಖಾತವ್ಯವಹಾರ ಎಂದೇ ಒಂದು ಅಧ್ಯಾಯವಿದೆ. ಖಾತ ಎಂದರೆ ಅಗೆದ ಹೊಂಡ. ಹೊಂಡದ ಘನಫಲ ತೆಗೆಯುವ ಲೆಕ್ಕ, ನಾಲ್ಕಾರು ಕೊಳವೆ ಬಿಟ್ಟರೆ ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು ಎಂಬ ಲೆಕ್ಕ, ಎಲ್ಲವೂ ಅಲ್ಲಿವೆ. ಮೇಲೆ ಅಗಲವಾಗಿ ಕೆಳಕ್ಕೆ ಹೋದ ಹಾಗೆ ಕಿರಿದಾಗುವ ಹೊಂಡಕ್ಕೆ ಮೊದಲು ಸ್ಥೂಲವಾದ ಬೆಲೆ, ಅದರಿಂದ ಸೂಕ್ಷ್ಮವಾದ ಬೆಲೆ ಎಂದು ಎರಡು ಹಂತ ಇಟ್ಟಿದ್ದಾರೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಕೆರೆ ಕಟ್ಟಿ ಬಾಳಿದ ನಾಡಿನಲ್ಲಿ ನೀರಿನ ಲೆಕ್ಕ ಪುಸ್ತಕ ಸೇರಿದ್ದು ಸಹಜವೇ.

ಈಗ ದುಂಡನೆಯ ಗಾಜಿನ ಬೌಲಿಗೆ ಬರುತ್ತೇನೆ. ಇದರ ಬಗ್ಗೆ ನನಗೆ ನೋವಿದೆ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಜಾತ್ರೆಯಲ್ಲಿ, ಮಾಲ್‌ಗಳಲ್ಲಿ, ಒಂದು ಬೌಲು, ಹಿಡಿ ಬಣ್ಣದ ಕಲ್ಲು, ಒಂದು ಜೊತೆ ಗೋಲ್ಡ್ ಫಿಶ್ ಕೊಟ್ಟು ಕಳಿಸುತ್ತಾರೆ. ಒಳವ್ಯಾಸ 25 ಸೆಂಟಿಮೀಟರ್ ಇರುವ ಬೌಲು ಎಂದುಕೊಳ್ಳಿ. ಪೂರ್ತಿ ಗೋಳವಾಗಿದ್ದರೆ ಎಂಟು ಲೀಟರಿಗೆ ಸ್ವಲ್ಪ ಮೇಲೆ. ಆದರೆ ಅದರ ಬಾಯಿ ಕತ್ತರಿಸಿದೆ, ತಳ ಚಪ್ಪಟೆಯಾಗಿದೆ; ಎಂಟು ಯಾವತ್ತೂ ಹಿಡಿಯುವುದಿಲ್ಲ. ತಳದಿಂದ 17 ಸೆಂಟಿಮೀಟರ್ ಎತ್ತರಕ್ಕೆ ತುಂಬಿದರೆ ಆರು ಲೀಟರ್ ಚಿಲ್ಲರೆ. 22 ಸೆಂಟಿಮೀಟರಿಗೆ ತುಂಬಿದರೆ ಏಳೂಮುಕ್ಕಾಲು. ಹೆಚ್ಚು ನೀರು ಇದ್ದರೆ ಮೀನಿಗೆ ಒಳ್ಳೆಯದಲ್ಲವೇ ಎಂದು ಮನೆಯವರು ಕಂಠದವರೆಗೆ ತುಂಬುತ್ತಾರೆ.

ಆಗ ನೀರಿನ ಮುಖ ಏನಾಯಿತು ನೋಡಿ. ಏರ್ ಪಂಪು ಇಲ್ಲದ ಬೌಲಿನಲ್ಲಿ ಮೀನು ಉಸಿರಾಡುವ ಗಾಳಿ ಒಳಗೆ ಇಳಿಯುವುದು ನೀರಿನ ಮೇಲ್ಮೈಯಿಂದ ಮಾತ್ರ. 17 ಸೆಂಟಿಮೀಟರ್ ತುಂಬಿದಾಗ ಆ ಮೇಲ್ಮೈ 427 ಚದರ ಸೆಂಟಿಮೀಟರ್. 22ಕ್ಕೆ ಏರಿಸಿದಾಗ 207. ಒಂದೂವರೆ ಲೀಟರಿಗೆ ಸ್ವಲ್ಪ ಮೇಲೆ ನೀರು ಹೆಚ್ಚು ಕೊಟ್ಟೆವು, ಉಸಿರಿನ ಬಾಗಿಲನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದೆವು. ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಅದಕ್ಕೆ ಹಸಿವು ಎಂದುಕೊಂಡು ಮಕ್ಕಳು ಇನ್ನಷ್ಟು ಆಹಾರ ಉದುರಿಸುತ್ತಾರೆ. ತಿನ್ನದೆ ಉಳಿದದ್ದು ಕೊಳೆತು, ಮೀನಿನ ಹೊಲಸೂ ಸೇರಿ ಅಮೋನಿಯಾ ಆಗುತ್ತದೆ. ಅದನ್ನು ತೆಳುವಾಗಿಸಲು ಅಲ್ಲಿರುವುದು ಒಂದು ಬಕೆಟ್ಟಿಗೂ ಕಡಿಮೆ ನೀರು. ಗೋಲ್ಡ್ ಫಿಶ್ ಸಣ್ಣ ಮೀನಲ್ಲ. ಜಾಗ ಸಿಕ್ಕರೆ ಗೇಣುದ್ದ ಬೆಳೆಯುತ್ತದೆ. ಆ ಬೌಲನ್ನು ಅಳೆದು ನೋಡಿದ ಯಾವ ತಂದೆತಾಯಿಯೂ ಅದರಲ್ಲಿ ಮೀನು ಬಿಡಲಾರರು ಎಂದು ನನ್ನ ನಂಬಿಕೆ. ಅಳೆಯದೆ ಇರುವುದರಿಂದಲೇ ಅದು ಮಾರಾಟವಾಗುತ್ತಿದೆ.

ಬೇರೆ ಆಕಾರಗಳನ್ನು ಬೇಗ ಮುಗಿಸುತ್ತೇನೆ. ಆರು ಮೂಲೆಯ ತೊಟ್ಟಿಯಾದರೆ ಒಳಗಿನ ಒಂದು ಬದಿಯನ್ನು ಅಳೆದು, ಅದನ್ನು ಅದರಿಂದಲೇ ಗುಣಿಸಿ, 2.6ರಿಂದ ಗುಣಿಸಿ, ನೀರಿನ ಎತ್ತರದಿಂದ ಗುಣಿಸಿ. ನೆಟ್ಟಗಿನ ಕೊಳವೆಯಾಕಾರದ್ದಾದರೆ ಒಳಗಿನ ಅರೆವ್ಯಾಸದ ವರ್ಗಕ್ಕೆ 3.14, ಆಮೇಲೆ ಎತ್ತರ. ಮುಂದಿನ ಗಾಜು ಬಾಗಿರುವ ತೊಟ್ಟಿಗೆ ಸೂತ್ರ ಹುಡುಕುವ ಬದಲು ಚೊಂಬು ಬಕೆಟ್ಟೇ ವಾಸಿ.

ಸೀಸೆಯ ಮೇಲಿನ ಗ್ಯಾಲನ್ನಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಹೊರದೇಶದ ಔಷಧಿಗಳ ಮೇಲೆ 'ಹತ್ತು ಗ್ಯಾಲನ್ನಿಗೆ ಇಷ್ಟು' ಎಂದು ಬರೆದಿರುತ್ತದೆ. ನನ್ನ ವಯಸ್ಸಿನವರಿಗೆ ಗ್ಯಾಲನ್ ಎಂದರೆ ನಾಲ್ಕೂವರೆ ಲೀಟರ್, ಹಿಂದೆ ಪೆಟ್ರೋಲ್ ಅಳೆಯುತ್ತಿದ್ದ ಬ್ರಿಟಿಷ್ ಗ್ಯಾಲನ್, 4.546 ಲೀಟರ್. ಅಮೆರಿಕದ ಗ್ಯಾಲನ್ 3.785 ಲೀಟರ್ ಮಾತ್ರ. ಹತ್ತು ಗ್ಯಾಲನ್ ಎಂದಾಗ ಒಬ್ಬರ ಲೆಕ್ಕದಲ್ಲಿ 45 ಲೀಟರ್, ಇನ್ನೊಬ್ಬರ ಲೆಕ್ಕದಲ್ಲಿ 38. ಸೀಸೆ ಎಲ್ಲಿಯದೆಂದು ನೋಡಿಕೊಂಡು ಹಾಕಿ. ನಮ್ಮ ತೊಟ್ಟಿ ಅಮೆರಿಕದ ಲೆಕ್ಕಕ್ಕೆ ಸರಿಯಾಗಿ ಹತ್ತು ಗ್ಯಾಲನ್ ಆಗಿದೆ, ಅದು ಕಾಕತಾಳೀಯ.

ಲೀಟರ್ ಗೊತ್ತಾದ ಮೇಲೆ ಎಷ್ಟು ಕೆಲಸ ಸುಲಭವಾಗುತ್ತದೆ ಎಂದರೆ, ಇಷ್ಟು ವರ್ಷ ಹೇಗೆ ಕಣ್ಣಂದಾಜಿನಲ್ಲಿ ನಡೆಸಿದೆವೋ ಎನ್ನಿಸುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು ಎನ್ನುತ್ತಾರೆ. 38ರಲ್ಲಿ ಕಾಲುಭಾಗ ಒಂಬತ್ತೂವರೆ ಲೀಟರ್. ಪಟ್ಟಿಯ ಮೇಲೆ 30ರ ಗೆರೆಗಿಂತ ತುಸು ಕೆಳಕ್ಕೆ ಇಳಿಸಿದರೆ ಆಯಿತು. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣವನ್ನೂ ಹೊಸದಾಗಿ ಹೊಯ್ಯುವ ಆ ನೀರಿಗೆ ಅಳೆದು ಹಾಕಬಹುದು. ಫಿಲ್ಟರ್ ಕೊಳ್ಳುವಾಗ, ಗಂಟೆಗೆ ತೊಟ್ಟಿಯ ನೀರನ್ನು ನಾಲ್ಕು ಸಲವಾದರೂ ತಿರುಗಿಸುವಂಥದ್ದು ಬೇಕು. ನಮಗೆ ಗಂಟೆಗೆ ಸುಮಾರು 150 ಲೀಟರಿನದು ಸಾಕು. ಹೀಟರಿಗೆ ಲೀಟರಿಗೊಂದು ವ್ಯಾಟ್ ಎಂಬ ಅಂದಾಜು ಮೈಸೂರಿನ ಚಳಿಗೆ ಧಾರಾಳ.

ಬೇಸಿಗೆಯಲ್ಲಿ ನೀರು ಆವಿಯಾಗಿ ಒಂದಿಂಚು ಇಳಿದಿರುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದಿಂಚು ಎಂದರೆ ನಾಲ್ಕೂವರೆ ಲೀಟರಿಗೆ ಸ್ವಲ್ಪ ಕಡಿಮೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿದ್ದ ಉಪ್ಪು, ಲವಣ, ಹಾಕಿದ ಔಷಧಿ ಬಹುಪಾಲು ಅಲ್ಲೇ ಉಳಿದಿರುತ್ತವೆ. ಔಷಧಿ ನಡೆಯುತ್ತಿರುವಾಗ ಈ ಇಳಿದ ಇಂಚನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಅಷ್ಟೇ ಹನಿ ಹಾಕಿದರೆ ಅದೇ ತಪ್ಪು ಇನ್ನೊಂದು ಬಾಗಿಲಿನಿಂದ ಬರುತ್ತದೆ. ಆವಿಯಾದಷ್ಟು ನೀರು ಮೊದಲು ತುಂಬಿ, ಆಮೇಲೆ ಔಷಧಿ.

ಒಂದೇ ಒಂದು ಕಡೆ ಹೊರಗಿನ ದೊಡ್ಡ ಅಳತೆಯನ್ನೇ ಹಿಡಿಯಬೇಕು, ಅದು ಭಾರದ ವಿಷಯದಲ್ಲಿ. ಮೊಮ್ಮಗಳ ಗೆಳತಿಯ ಮನೆಯಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತರಬೇಕೆಂದಿದ್ದರು, ಹಳೆಯ ಮರದ ಶೋಕೇಸಿನ ಮೇಲೆ ಇಡಲು. ನಾಲ್ಕು ಗುಣಿಸು ಒಂದೂವರೆ ಗುಣಿಸು ಒಂದೂವರೆ, ಒಂಬತ್ತು ಘನ ಅಡಿ. ಒಂಬತ್ತು 28.3ಗಳು 255. ನೀರೇ ಎರಡೂವರೆ ಕ್ವಿಂಟಾಲ್. ಕಲ್ಲು ನೀರಿಗಿಂತ ಭಾರ, ಗಾಜೂ ಭಾರ. ಅವನ್ನು ಸೇರಿಸಿ ಮೂರು ಕ್ವಿಂಟಾಲ್ ಎಂದೇ ಹಿಡಿಯಬೇಕು. ಮೂರು ಕ್ವಿಂಟಾಲ್ ಅಕ್ಕಿಮೂಟೆಗಳನ್ನು ನಿಮ್ಮ ಶೋಕೇಸಿನ ಮೇಲೆ ಒಟ್ಟುತ್ತೀರಾ ಎಂದು ಆ ತಾಯಿಯನ್ನು ಕೇಳಿದೆ. 'ಅಯ್ಯೋ, ಬೇಡ ಮೇಷ್ಟ್ರೇ' ಎಂದರು. ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಗೋಡೆಯ ಬದಿಗೆ ನೆಲದ ಮೇಲೆ ಇಟ್ಟಿದ್ದಾರೆ.

ಔಷಧಿಗೆ ಸಣ್ಣ ಅಂಕಿ, ಭಾರಕ್ಕೆ ದೊಡ್ಡ ಅಂಕಿ. ಅನುಮಾನ ಬಂದಾಗಲೆಲ್ಲ ನಾನು ಈ ಕಡೆಗೇ ವಾಲುತ್ತೇನೆ. ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಯಾವ ಮೀನೂ ಸಾಯುವುದಿಲ್ಲ. ಇಪ್ಪತ್ತೆರಡು ಲೀಟರ್ ತಪ್ಪಿದರೆ ಸಾಯುತ್ತದೆ.

ಎಷ್ಟು ಲೀಟರಿಗೆ ಎಷ್ಟು ಮೀನು ಎಂದು ನನ್ನನ್ನು ಕೇಳುವವರಿದ್ದಾರೆ. ಒಂದೇ ಮಾತಿನಲ್ಲಿ ಹೇಳುವ ಉತ್ತರ ಇದಕ್ಕಿಲ್ಲ. ಮೀನಿನ ಜಾತಿ, ಬೆಳೆದಾಗ ಆಗುವ ಗಾತ್ರ, ಗಿಡ, ಫಿಲ್ಟರ್ ಎಲ್ಲ ನೋಡಬೇಕು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟು, ಒಂದರ ಹೊಲಸು ಇನ್ನೊಂದಕ್ಕೆ ಆಹಾರವಾಗಿ ಎಲ್ಲವೂ ಬಾಳುವುದನ್ನು ತೋರಿಸಿಕೊಟ್ಟರು. ಮನೆಯಲ್ಲಿ ಮೀನು ಸಾಕುವ ಇವತ್ತಿನ ಪದ್ಧತಿಯ ಬೇರು ಅಲ್ಲಿದೆ. ಆ ಸಮತೋಲಕ್ಕೆ ಮೀನಿನ ಸಂಖ್ಯೆಯೂ ಹೊಂದಬೇಕು, ನೀರಿನ ಪ್ರಮಾಣವೂ ಹೊಂದಬೇಕು. ನಾವು ನಮ್ಮ ಮೂವತ್ತೆಂಟು ಲೀಟರಿನಲ್ಲಿ ಎಂಟು ಸಣ್ಣ ಮೀನು ಇಟ್ಟುಕೊಂಡಿದ್ದೇವೆ. ಲೋಚ್ ಮತ್ತೆ ತರಲಿಲ್ಲ. ಅದು ಬೆಳೆದರೆ ಗೇಣುದ್ದಕ್ಕೂ ಹೆಚ್ಚು; ಗುಂಪಿನಲ್ಲಿರುವ ಮೀನು; ನಮ್ಮ ತೊಟ್ಟಿ ಅದಕ್ಕೆ ತಕ್ಕದ್ದಲ್ಲವೆಂದು ಅಳೆದ ಮೇಲೆ ತಿಳಿಯಿತು.

ಆ ಕಾಗದದ ಪಟ್ಟಿ ಇನ್ನೂ ಹಾಗೇ ಇದೆ. ಪೆನ್ಸಿಲಿನ ಗೆರೆ ಮಾಸಿದಾಗ ಮೊಮ್ಮಗಳು ಅದರ ಮೇಲೆ ಬಾಲ್ ಪೆನ್ನು ತಿದ್ದಿದ್ದಾಳೆ. ತೀರ ಮೇಲೆ, ನೀರಿನ ಮಟ್ಟದ ಪಕ್ಕದಲ್ಲಿ, ದಪ್ಪಕ್ಷರದಲ್ಲಿ 38 ಎಂದು ಬರೆದಿದ್ದಳು. ಹೋದ ತಿಂಗಳು ಅವಳಪ್ಪ ಮರದ ಬೇರೊಂದನ್ನು ತಂದುಕೊಟ್ಟ. ಅದನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಮುಳುಗುವಂತಾದ ಮೇಲೆ ತೊಟ್ಟಿಗೆ ಇಳಿಸುವ ಮೊದಲು ಅವಳು ನನ್ನನ್ನು ಕರೆಯಲಿಲ್ಲ. ಬಚ್ಚಲಲ್ಲಿ ಟಬ್ಬು, ಬಕೆಟ್ಟು ಇಟ್ಟುಕೊಳ್ಳುವ ಸದ್ದು ಕೇಳಿಸಿತು. ಸಂಜೆ ಹೋಗಿ ನೋಡಿದರೆ 38ಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 37 ಎಂದು ಬರೆದಿದೆ.